ಡಬ್ಬಿಯಲ್ಲಿ ಬಂದ ಕಣ್ಣಿನ ಚೂರು

ಕಣ್ಣಿನ ಆಪರೇಶನ್ ಆದ ಮೂರನೆಯ ದಿನ ಬೆಳಿಗ್ಗೆ ಗಡಿಯಾರದಕ್ಕನ ಕಣ್ಣುರಿ ಸ್ವಲ್ಪ ತಗ್ಗಿತು. ತಗ್ಗಿದ್ದೇ ಎಡವಟ್ಟಾಯಿತು. ಉರಿ ಇದ್ದಷ್ಟು ದಿನ ಕಣ್ಮುಚ್ಚಿ ಮಲಗಿದ್ದವಳು ಎದ್ದು, ಪರದೆ ಎಳೆದ ಕೋಣೆಯಲ್ಲಿ ತನ್ನ ರಿಪೇರಿ ಮೇಜಿನ ಮುಂದೆ ಕೂತಳು. ಇಪ್ಪತ್ತು ವರ್ಷ ಕೈಗಡಿಯಾರ ಬಿಚ್ಚಿ ಜೋಡಿಸಿದ ಕೈ ಸುಮ್ಮನಿದ್ದೀತೇ? ಅದು ತಾನಾಗಿ ತಡಕಾಡಿ, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯನ್ನು ಎತ್ತಿ ಬಲಗಣ್ಣಿಗೆ ಒತ್ತಿಯೇ ಬಿಟ್ಟಿತು.

ಅಸಲಿಗೆ ಈ ಆಪರೇಶನ್ನಿಗೆ ಕಾರಣವೂ ಅದೇ ಭೂತಗನ್ನಡಿ. ಗಿರಾಕಿಯ ಮುಖ ಕಾಣಲು ಕನ್ನಡಕ ಹಾಕಬೇಕು, ಭೂತಗನ್ನಡಿ ಸಿಕ್ಕಿಸಲು ಕನ್ನಡಕ ತೆಗೆಯಬೇಕು. ದಿನಕ್ಕೆ ನೂರು ಸಲ ಹಾಕಿ ತೆಗೆದು, ಎರಡು ಸಲ ಅದರ ಮೇಲೇ ಕೂತು, ಕೊನೆಗೆ ಕನ್ನಡಕದ ಗೊಡವೆಯೇ ಬೇಡವೆಂದು ಲೇಸರಿಗೆ ಮನಸ್ಸು ಮಾಡಿದ್ದಳು.

ಚುರ್ರೆಂದಿತು, ನೀರು ಸುರಿಯಿತು. ಭೂತಗನ್ನಡಿ ಕಿತ್ತರೆ ಅದರ ಅಂಚಿಗೆ ಈರುಳ್ಳಿ ಪೊರೆಯಂಥದ್ದೊಂದು ತೆಳ್ಳನೆಯ ಬಿಲ್ಲೆ ಅಂಟಿಕೊಂಡು ಬಂದಿತ್ತು. ಅವಳು ಕೂಗಿಕೊಂಡಳು.

"ಅಕ್ಕಾ! ನನ್ನ ಕಣ್ಣು ಕಳಚಿ ಬಂತು ಕಣಕ್ಕಾ!"

ಕಣ್ಣಿಗೆ ಹನಿ ಹಾಕಲೆಂದೇ ಶಾಲೆಗೆ ರಜೆ ಹಾಕಿ ಬಂದಿದ್ದ ಅವಳ ಅಕ್ಕ, ಎಲ್ಲರ ಬಾಯಲ್ಲಿ ಟೀಚರಕ್ಕ, ಓಡಿ ಬಂದಳು. "ಕಳಚಿ ಬರೋಕೆ ಅದೇನು ಡಬ್ಬಿ ಮುಚ್ಚಳವೇನೇ? ಎಲ್ಲಿ, ತೋರಿಸು."

ತೋರಿಸಿದ ಮೇಲೆ ಅದೇನೆಂದು ಅವಳಿಗೂ ತಿಳಿಯಲಿಲ್ಲ. ಆಪರೇಶನ್ ದಿನ ನರ್ಸ್ ಎಲ್ಲ ವಿವರಿಸುವಾಗ ಅವಳು ಔಷಧದಂಗಡಿಯ ಸಾಲಿನಲ್ಲಿ ನಿಂತಿದ್ದಳು.

ಗಡಿಯಾರದಕ್ಕ ಮಾತ್ರ ಬುದ್ಧಿ ಕಳೆದುಕೊಳ್ಳಲಿಲ್ಲ. ಉದುರಿದ ಯಾವ ಭಾಗವನ್ನೂ ಅವಳು ಈವರೆಗೆ ಕಳೆದವಳಲ್ಲ. ಬಿಲ್ಲೆಯನ್ನು ಚಿಮಟದಲ್ಲಿ ಹಿಡಿದು, ಸ್ಕ್ರೂ ಇಡುವ ಪುಟ್ಟ ಡಬ್ಬಿಗೆ ಹಾಕಿ, ಮೇಲೆ 'ಬಲ' ಎಂದು ಚೀಟಿ ಅಂಟಿಸಿದಳು. ಎರಡು ಬೀದಿಯಾಚೆಯ ಆಸ್ಪತ್ರೆಗೆ ಅಕ್ಕನ ತೋಳು ಹಿಡಿದು ನಡೆದಳು.

"ಬಲಗಣ್ಣು ಹೋದ್ರೆ ಅಂಗಡಿ ಮುಚ್ಚಿದ ಹಾಗೇ ಅಕ್ಕ. ಎಡಗಣ್ಣಿಗೆ ಈ ಕೆಲಸ ಬರಲ್ಲ."

"ಬಾಯಿ ಮುಚ್ಚು. ಕಣ್ಣೂ ಮುಚ್ಚು. ಮೆಟ್ಟಿಲಿದೆ, ಕಾಲು ಎತ್ತು."

ಡಾಕ್ಟರಮ್ಮ ಡಬ್ಬಿ ತೆರೆದರು. ಚೀಟಿ ಓದಿದರು. ತುಟಿ ಬಿಗಿ ಹಿಡಿದು ಮೊದಲು ಕಣ್ಣನ್ನೇ ನೋಡಿದರು. ಗಲ್ಲವನ್ನು ಯಂತ್ರಕ್ಕೆ ಆನಿಸಿ ಕೂತಷ್ಟು ಹೊತ್ತೂ ಗಡಿಯಾರದಕ್ಕನಿಗೆ ತನ್ನ ಎದೆಬಡಿತದ ಲೆಕ್ಕ ಸಿಗುತ್ತಿತ್ತು.

"ಇದು ನಿಮ್ಮ ಕಣ್ಣಲ್ಲಮ್ಮ, ನಮ್ಮ ಲೆನ್ಸು! ಲೇಸರ್ ಬಿಡೋಕೆ ಮುಂಚೆ ಕಣ್ಣಿನ ಮೇಲಿನ ತೆಳು ಪದರ ತೆಗೆದಿದ್ವಲ್ಲ? ಅದು ಮತ್ತೆ ಬೆಳೆಯೋವರೆಗೂ ಮೇಲೊಂದು ಮುಚ್ಚಿಗೆ ಇದು. ಪದರ ಮುಕ್ಕಾಲು ಕೂಡಿಕೊಂಡಿದೆ. ಸೋಂಕಿಲ್ಲ, ಗೀರಿಲ್ಲ. ಬಿದ್ದಿದ್ದನ್ನ ವಾಪಸ್ ಹಾಕಿಕೊಳ್ಳದೆ ಬಂದ್ರಲ್ಲ, ಅದೇ ಪುಣ್ಯ."

ಟೀಚರಕ್ಕ ನಕ್ಕೂ ನಕ್ಕೂ ಗೋಡೆ ಹಿಡಿದಳು.

ಹೊಸ ಲೆನ್ಸ್ ಕೂರಿಸಿದ ಮೇಲೆ ನರ್ಸಿಗೆ ಸಿಟ್ಟು ಬಂತು. "ಅವತ್ತು ಇದನ್ನೆಲ್ಲಾ ಬಿಡಿಸಿ ಬಿಡಿಸಿ ಹೇಳಿದ್ನಲ್ಲ! ತಲೆ ಬೇರೆ ಆಡಿಸಿದ್ರಿ!"

"ಹೇಳಿದ್ರಿ," ಗಡಿಯಾರದಕ್ಕ ತಲೆ ತಗ್ಗಿಸಿದಳು. "ನಿಮ್ಮ ತಲೆ ಮೇಲಿದ್ಯಲ್ಲ ಗೋಡೆ ಗಡಿಯಾರ, ಅದು ಎಳೆದೆಳೆದು ಬಡ್ಕೋತಾ ಇತ್ತು. ಅದರ ರೋಗ ಏನಂತ ಕೇಳಿಸ್ಕೊತಾ ಕೂತ್ಬಿಟ್ಟೆ."

ನರ್ಸ್ ಕುರ್ಚಿ ಹತ್ತಿ, ಗಡಿಯಾರ ಇಳಿಸಿ, ಸೆಲ್ ಕಿತ್ತು, ಗಡಿಯಾರವನ್ನೇ ಅವಳ ಮಡಿಲಿಗೆ ಹಾಕಿದಳು. "ಈಗ ನನ್ನ ಮಾತು ಕೇಳಿ. ಕಣ್ಣು ಉಜ್ಜಬೇಡಿ. ಹನಿ ತಪ್ಪಿಸಬೇಡಿ. ಬಿಸಿಲಿಗೆ ಕಪ್ಪು ಕನ್ನಡಕ. ಕೆಲವು ವಾರ ಮಂಜುಮಂಜಾಗಿ ಕಾಣುತ್ತೆ, ಒಂದು ದಿನ ಚೆನ್ನಾಗಿ, ಇನ್ನೊಂದು ದಿನ ಮಂಕಾಗಿ. ಹೆದರಬೇಡಿ. ನೋವು ಜಾಸ್ತಿ ಆದ್ರೆ ಮಾತ್ರ ಓಡಿ ಬನ್ನಿ. ಎಲ್ಲಿ, ಹೇಳಿ?"

ಗಡಿಯಾರದಕ್ಕ ಒಂದಕ್ಷರ ಬಿಡದೆ ಒಪ್ಪಿಸಿದಳು.

ಭೂತಗನ್ನಡಿಯನ್ನು ಟೀಚರಕ್ಕ ತನ್ನ ಚೀಲಕ್ಕೆ ಹಾಕಿ ಬೀಗ ಜಡಿದಳು. ಎರಡು ದಿನ ಕಳೆದು ಲೆನ್ಸ್ ತೆಗೆದರು. ನರ್ಸ್ ಹೇಳಿದ ಹಾಗೆ ಮಂಜು ಬಂತು, ಹೋಯಿತು, ಮತ್ತೆ ಬಂತು. ಎರಡನೆಯ ತಿಂಗಳು ತುಂಬುವ ಹೊತ್ತಿಗೆ ಡಾಕ್ಟರಮ್ಮ ಕೆಲಸಕ್ಕೆ ಕೂರಬಹುದೆಂದರು. ಅವಳು ಮೊದಲು ಬಿಚ್ಚಿದ್ದು ಆಸ್ಪತ್ರೆಯಿಂದ ಅವತ್ತು ಹೊತ್ತು ತಂದಿದ್ದ ಆ ಗಡಿಯಾರವನ್ನೇ. ಹಲ್ಲಿನ ಚಕ್ರಕ್ಕೆ ಸಿಕ್ಕಿದ್ದ ಕೂದಲಿನಷ್ಟು ದಾರವನ್ನು ಬಲಗಣ್ಣು ಥಟ್ಟನೆ ಹಿಡಿಯಿತು.

ಅದನ್ನು ಆಸ್ಪತ್ರೆಯ ಗೋಡೆಗೆ ತೂಗುಹಾಕಿ, ಬಾಗಿಲವರೆಗೆ ಹಿಂದೆ ಸರಿದು ನಿಂತಳು. ಬರಿಗಣ್ಣಿಗೆ ಸೆಕೆಂಡಿನ ಮುಳ್ಳು ಗೀಟಿನಿಂದ ಗೀಟಿಗೆ ಜಿಗಿಯುವುದು ಕಂಡಿತು.

"ಸರಿಯಾಯ್ತಾ?" ನರ್ಸ್ ಕೇಳಿದಳು.

"ಎರಡೂ," ಎಂದಳು ಗಡಿಯಾರದಕ್ಕ.