ಹೋಗಬೇಡ ಎಂಬ ಹಾಡು

ಕಾಲರಿನ ತುದಿಗೆ ಇಸ್ತ್ರಿಪೆಟ್ಟಿಗೆ ತಾಗುತ್ತಿದ್ದಂತೆ ಹಬೆ ಮುಖಕ್ಕೆ ಬಡಿಯಿತು, ಅದರ ಜೊತೆಗೇ ರೇಡಿಯೋದಿಂದ ಆ ದನಿ — ಅವರದೇ, ಅನುಮಾನವೇ ಇಲ್ಲ, ಮೇಲಿನ ಸ್ವರಕ್ಕೆ ಹೋಗುವ ಮುಂಚೆ ಮೂಗಿನಲ್ಲಿ ಸಣ್ಣಗೆ ಉಸಿರೆಳೆದುಕೊಳ್ಳುವ ಆ ಅಭ್ಯಾಸ, ಬಚ್ಚಲಿನ ಬಾಗಿಲಾಚೆಯಿಂದ ಎಷ್ಟು ಬೆಳಗು ಕೇಳಿದ್ದೇನೆ, ನನ್ನ ಗಂಡ, ಅಂದರೆ ಒಂದು ಕಾಲದ ಗಂಡ, ಈಗ ಲಾಂಡ್ರಿ ಅಂಗಡಿಯ ಕಪಾಟಿನ ಮೇಲೆ ಕೂತು ಹೋಗಬೇಡ, ಹೋಗಬೇಡ ಎಂದು ಹಾಡುತ್ತಿದ್ದಾರೆ, ಯಾರಿಗೆ, ನನಗಾ — ಸುಟ್ಟೀತು ಕಣೇ ಬಟ್ಟೆ, ಎಂದಳು ಅಂಗಡಿಯ ಯಜಮಾನಿ ದೊಡ್ಡಕ್ಕ, ಸರಕ್ಕನೆ ಕೈ ಎತ್ತಿದೆ, ಅಂಗಿ ಉಳಿಯಿತು. ಎಷ್ಟು ಚೆನ್ನಾಗಿ ಹಾಡ್ತಾನೆ ನೋಡು, ಕರುಳಿಗೇ ಕೈ ಹಾಕ್ದಂಗಾಗುತ್ತೆ, ಯಾವ ಪುಣ್ಯಾತ್ಗಿತ್ತಿ ಬಿಟ್ಟುಹೋದಳೋ ಇಂಥವನನ್ನ, ಎದೇಲಿ ಕಲ್ಲಿಟ್ಕೊಂಡೇ ಹುಟ್ಟಿರಬೇಕು, ಎಂದಳು ದೊಡ್ಡಕ್ಕ. ಕಲ್ಲೇ ಇರಬಹುದು, ಅಂಗಿಯ ತೋಳನ್ನು ಬಿಡಿಸಿ ಹಾಸಿದೆ, ನೀರು ಚಿಮುಕಿಸಿದೆ, ಊರವರ ಸಮಾರಂಭಗಳಲ್ಲೆಲ್ಲ ಪ್ರೀತಿ ಪ್ರೇಮ ಎಂದು ಹಾಡಿ ಬಂದು ಮನೆಯಲ್ಲಿ ತಟ್ಟೆಯ ಮುಂದೆ ಕೂತರೆ ಉಪ್ಪು ಕಡಿಮೆ ಎಂಬುದೊಂದೇ ಮಾತು, ಕೆಲವು ದಿನ ಬೇಕೆಂದೇ ಉಪ್ಪು ಕಡಿಮೆ ಹಾಕುತ್ತಿದ್ದೆ, ಅಷ್ಟಾದರೂ ಆಡಲಿ ಎಂದು — ನನಗೆ ಜ್ವರ ಬಂದಾಗ ಪಕ್ಕದಿಂದ ಏಳದೆ ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸಿದ್ದರು, ಆಗಲೂ ಮಾತಿಲ್ಲ, ಆದರೆ ಕೈ ಎಷ್ಟು ಮೆತ್ತಗಿತ್ತು, ಮಾತು ಬಾರದ ಮನುಷ್ಯ, ರಾಗ ಸಿಕ್ಕರಷ್ಟೇ ಬಾಯಿ ತೆರೆಯುವುದು, ಇದು ಆಗ ಹೊಳೆಯಲಿಲ್ಲ, ಹೊಳೆದಿದ್ದರೂ ಎಷ್ಟು ದಿನ ಅಂತ ಕಿವಿ ಒಣಗಿಸಿಕೊಂಡು ಬದುಕುವುದು. ಹಾಡಿನಲ್ಲಿ ಅವಳು ತಿರುಗಿಯೂ ನೋಡದೆ ಹೋದಳಂತೆ, ಸುಳ್ಳು, ಚೀಲ ಹಿಡಿದು ಬಾಗಿಲಲ್ಲಿ ನಿಂತೇ ಇದ್ದೆ, ರೀ, ಹೊರಟೆ, ಎಂದೆ, ಒಂದು ಮಾತಿಗೆ ಕಾದೆ, ಈಗ ಊರಿಗೆಲ್ಲ ಕೇಳುವಂತೆ ಹಾಡುತ್ತಿರುವ ಈ ಒಂದೇ ಮಾತಿಗೆ, ಆವತ್ತು ಅಂದಿದ್ದರೆ ಚೀಲ ಕೆಳಗಿಟ್ಟು — ಅವಳು ನಿಂತಿದ್ದಳು ಅಕ್ಕಾ, ಎಂದುಬಿಟ್ಟೆ. ಯಾರೇ? ಆ ಹಾಡಿನವಳು. ದೊಡ್ಡಕ್ಕ ನನ್ನ ಮುಖ ನೋಡಿದಳು, ರೇಡಿಯೋದ ಕಡೆ ಕೈ ಚಾಚಿ, ಆರಿಸ್ಲೇನೇ, ಎಂದಳು, ಬೇಡ ಅಕ್ಕಾ, ಮುಗೀಲಿ, ಇದೊಂದು ಸಲ ಪೂರ್ತಿ ಕೇಳುತ್ತೇನೆ, ಕೇಳುತ್ತಲೇ ಇದ್ದೇನೆ, ಆದರೆ ಕಾಣುವುದು ಮಾತ್ರ ಬೇರೆ — ಆವತ್ತು ಬಾಗಿಲಿನಿಂದ ಕಂಡ ಹಾಗೇ, ಒಲೆಯ ಮುಂದೆ ಅವರ ಬೆನ್ನು, ಪಾತ್ರೆಯ ಅಂಚಿಗೆ ಹಾಲು ಏರುತ್ತಿದೆ, ಉಕ್ಕಿ ಉರಿಯ ಮೇಲೆ ಸುರಿಯುತ್ತಿದೆ, ಅವರು ಆರಿಸುತ್ತಿಲ್ಲ, ತಿರುಗುತ್ತಲೂ ಇಲ್ಲ, ಆ ಬೆನ್ನು, ಹಾಲು, ಆ ಬೆನ್ನು