ಮೋಡದ ತೂಕ ಬರೆದಿಟ್ಟ ವಹಿ

ಶ್ರಾವಣದ ಎರಡನೆಯ ಸೋಮವಾರ ಪೂಜೆ ಮುಗಿಸಿ ಏಳುವಷ್ಟರಲ್ಲಿ ದೀಪಾಲಿಯ ಫೋನು ಬಂತು. ನನ್ನ ತಮ್ಮ ಬಸವಲಿಂಗ ತಾನು ಕೆಲಸ ಮಾಡುವ ಖಗೋಳ ಸಂಸ್ಥೆಯ ಮೆಟ್ಟಿಲ ಮೇಲೆ ಎದೆ ಹಿಡಿದು ಕುಳಿತವನು ಮತ್ತೆ ಏಳಲಿಲ್ಲವಂತೆ. ಅವನಿಗೆ ನಲವತ್ತಾರು. ಮದುವೆಯಾಗಿರಲಿಲ್ಲ, ಧನಕವಡಿ ಬಡಾವಣೆಯ ನಮ್ಮ ಮನೆಯಲ್ಲೇ ಇದ್ದ. ದೀಪಾಲಿ ಅವನ ಕೈಕೆಳಗೆ ಸಂಶೋಧನೆ ಮಾಡುವ ಹುಡುಗಿ.

ನಕ್ಷತ್ರಗಳ ನಡುವೆ ಹರಡಿರುವ ಮೋಡಗಳನ್ನು ತೂಗುವುದು ಅವನ ಕೆಲಸ. ಅವುಗಳಲ್ಲಿ ಒಂದಿಷ್ಟು ಅನಿಲ ರೇಡಿಯೋ ದೂರದರ್ಶಕಕ್ಕೂ ಸಿಗುವುದಿಲ್ಲವಂತೆ. "ಹಂಗಾದ್ರ ಅದು ಅಲ್ಲಿ ಅದ ಅಂತ ನಿನಗ ಯಾರು ಹೇಳಿದ್ರೋ?" ಎಂದು ಒಮ್ಮೆ ಕೆಣಕಿದ್ದೆ.

"ವಿಶ್ವಕಿರಣ ಹೇಳ್ತಾವಣ್ಣ. ಅವು ಬಂದು ಅನಿಲಕ್ಕ ಬಡದಾಗ ಗಾಮಾ ಕಿರಣ ಹುಟ್ಟತಾವ. ಗಾಮಾ ಹೆಚ್ಚು ಬಂದಲ್ಲಿ ಅನಿಲ ಹೆಚ್ಚು. ಆದ್ರ ಹಿಂದ ಗಾಮಾ ಸೂಸೋ ಬ್ಯಾರೆ ಚುಕ್ಕಿಗಳದ್ದೂ ಅದರಾಗ ಕೂಡಿರ್ತದ. ಆ ಚುಕ್ಕಿ ಒಂದೊಂದಾಗಿ ತೆಗೀಬೇಕು, ಅಕ್ಕ್ಯಾಗಿನ ಹರಳು ಆರಿಸಿದಂಗ."

"ಮೂರು ವರ್ಷದಿಂದ ಆರಸಾಕತ್ತೀಯಲ್ಲೋ! ನಿನ್ನ ಅತ್ತಿಗಿ ಆಗಿದ್ರ ಇಷ್ಟೊತ್ತಿಗೆ ಅನ್ನಾ ಮಾಡಿ ಬಡಸ್ತಿದ್ಲು."

ಅವನು ಭಾರಿ ನಕ್ಕಿದ್ದ.

ಮಣ್ಣು ಮಾಡುವ ದಿನ ಅವನ ಪೂಜೆಯ ಮಣೆಯ ಪಕ್ಕ ದಪ್ಪ ವಹಿಯೊಂದು ಕಂಡಿತು. ಮೊದಲ ಹಾಳೆಯ ಮೇಲೆ 'ಓಂ ನಮಃ ಶಿವಾಯ'. ಅಂಚಿಗೆಲ್ಲ ವಿಭೂತಿಯ ಬೆರಳಚ್ಚು. ಲಿಂಗಪೂಜೆಯಾದ ಮೇಲೆ ದಿನಾ ಅದರಲ್ಲಿ ಬರೆಯುತ್ತಿದ್ದ. ಮಂತ್ರ ಬರೆಯುತ್ತಾನೆಂದೇ ತಿಳಿದಿದ್ದೆ. ಎರಡನೆಯ ಹಾಳೆ ತಿರುವಲಿಲ್ಲ. ಸಮಾಧಿಯಲ್ಲಿ ಅವನನ್ನು ಕೂರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ತೊಡೆಯ ಮೇಲೆ ನನ್ನ ಕೈಯಾರೆ ಆ ವಹಿ ಇಟ್ಟೆ. ಮೇಲೆ ಪತ್ರೆ, ವಿಭೂತಿ, ಉಪ್ಪು, ಮಣ್ಣು.

ಐದನೆಯ ದಿನ ದೀಪಾಲಿ ಬಂದಳು. "ಕಾಕಾ, ಸರ್‌ದು ದಪ್ಪ ವಹಿ ಎಲ್ಲದರೀ? ಯಾವ ಚುಕ್ಕಿ ಯಾಕ ತೆಗದೀವಿ ಅನ್ನೋದು ಅದರಾಗ ಮಾತ್ರ ಅದ. ನಮ್ಮ ಲೇಖನ ಕಳಿಸಿದ ವಿಜ್ಞಾನ ಪತ್ರಿಕೆಯವರು ಕಾರಣ ಕೇಳ್ಯಾರ."

ಅದನ್ನು ಅವನ ಜೊತೆ ಮಣ್ಣಿಗಿಟ್ಟದ್ದನ್ನು ಹೇಳಿದೆ.

"ಕಂಪ್ಯೂಟರದಾಗ ಇಲ್ಲೇನವಾ?"

"ಉತ್ತರ ಅದ, ಕಾಕಾ. ಕಾರಣ ಇಲ್ಲ."

ಕ್ರಿಯೆ ಮಾಡಿಸಿದ ಜಂಗಮರ ಮನೆಗೆ ಓಡಿದೆ. "ಸ್ವಾಮೇರ, ಒಂದ್ ಸಲ ಸಮಾಧಿ ತೆಗಸ್ರಿ."

"ಲಿಂಗದ ಜೋಡಿ ಕುಂತವನ್ನ ಎಬ್ಬಸಂಗಿಲ್ಲ, ಸಿದ್ರಾಮಪ್ಪನವರ. ಮತ್ತ ಮ್ಯಾಲೆ ಇಷ್ಟು ಮಳಿ, ಒಳಗ ಉಪ್ಪು. ತೆಗದು ಏನು ಓದಾವ್ರು?"

ಅವರ ಮಾತು ಸರಿ. ಸರಿಯೆಂದು ಗೊತ್ತಿದ್ದುದರಿಂದಲೇ ಮೈಯೆಲ್ಲ ಉರಿಯಿತು. ಮನೆಗೆ ಬಂದು ಚಹಾ ಆರಿದೆಯೆಂದು ಹೆಂಡತಿಯ ಮೇಲೆ ಕೂಗಾಡಿದೆ. ನಲವತ್ತು ವರ್ಷ ಕಚೇರಿಯಲ್ಲಿ ಓದದೆ ಒಂದು ಕಾಗದಕ್ಕೂ ಸಹಿ ಹಾಕದ ನಾನು, ಸ್ವಂತ ತಮ್ಮನ ಬರಹದ ಒಂದು ಹಾಳೆ ತಿರುವದೆ ಹೋದೆ!

ನಾಲ್ಕು ದಿನ ನಾನೂ ದೀಪಾಲಿಯೂ ಅವನ ಕೋಣೆ ಜಾಲಾಡಿದೆವು. ಬಸ್ಸಿನ ಚೀಟಿ, ಲಕೋಟೆಯ ಬೆನ್ನು, ಕ್ಯಾಲೆಂಡರು, ಯಾವುದನ್ನೂ ಬಿಡಲಿಲ್ಲ. ಅವನು ತೆಗೆದಿದ್ದ ಮೂವತ್ತೇಳು ಚುಕ್ಕಿಗಳಲ್ಲಿ ಒಂಬತ್ತಕ್ಕೆ ಮಾತ್ರ ಕಾರಣ ಸಿಕ್ಕಿತು.

"ಲೇಖನ ಹಿಂದಕ್ಕ ತಗೋತೀನ್ರಿ ಕಾಕಾ," ಎಂದಳು ದೀಪಾಲಿ. "ಮೊದಲಿಂದ ಆರಸ್ತೀನಿ. ವರ್ಷ ಹಿಡೀತದ."

"ಅವನ ಹೆಸರು?"

"ಇರ್ತದ್ರಿ. ಆದ್ರ ನಾ ಆರಿಸಿದ್ರ ಸರ್‌ಗೆ ಸಿಕ್ಕಷ್ಟೇ ಅನಿಲ ಸಿಗ್ತದಂತ ಹೇಳಲಾರೆ."

ನನ್ನೆದುರಿಗೇ ಪತ್ರಿಕೆಯವರಿಗೆ ಕಾಗದ ಕಳಿಸಿದಳು.

ಶಿವನೇ, ತಪ್ಪು ನನ್ನದು. ಈ ಸಿಟ್ಟೂ ನನ್ನದೇ, ನನ್ನಲ್ಲೇ ಇರಲಿ. ಅರ್ಧಕ್ಕೆ ನಿಂತ ಕೆಲಸದ ಚಿಂತೆ ಅವನನ್ನು ಮುಟ್ಟದಿರಲಿ. ನಿನ್ನ ಪಾದದ ಬಳಿ ಬಸವಲಿಂಗನ ಜೀವಕ್ಕೆ ಶಾಂತಿ ಕೊಡು, ತಂದೆ.