ಮಾಲಕರ ಕಡಿಯಾಕಿ

ಔರಾದಿನ ಗಂಗುಬಾಯಿ ಬೀದರಿನಲ್ಲಿ ಮನೆ ನೋಡಲು ಬಂದದ್ದು ಮಗಳು ಮಾಯಾಳಿಗಾಗಿ. ಮಾಯಾಳಿಗೆ ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಮನೆ ತೋರಿಸಿದವಳು ಏಜೆಂಟ್ ಉಜ್ವಲಾ. ಭಾಲ್ಕಿಯ ತೊಗರಿ ವ್ಯಾಪಾರಿ ಮನ್ಮಥಪ್ಪ ತಮ್ಮ ಈ ಮನೆಯನ್ನು ಮಾರಿಕೊಡಲು ಅವಳಿಗೆ ಒಪ್ಪಿಸಿದ್ದರು. ಮಾರಾಟವಾದರೆ ನೂರಕ್ಕೆ ಎರಡು ರೂಪಾಯಿ ಕಮಿಷನ್.

ಗಂಗುಬಾಯಿ ನಲ್ಲಿ ತಿರುಗಿಸಿ ನೋಡಿದಳು. ಹಿತ್ತಲಿನ ಬೇವಿನ ನೆರಳಲ್ಲಿ ತುಸು ಹೊತ್ತು ನಿಂತಳು. ಆಮೇಲೆ ಉಜ್ವಲಾಳ ಕೈ ಹಿಡಿದು ದನಿ ತಗ್ಗಿಸಿದಳು.

"ಅವರು ಮೂವತ್ತೆರಡು ಲಕ್ಷ ಅಂತಾರ. ನೀ ಮೂವತ್ತಕ್ಕ ಕೇಳವ್ವಾ. ಒಪ್ಪಲಿಲ್ಲಂದ್ರ ಮೂವತ್ತೆರಡೂ ಕೊಡ್ತೇವಿ. ಮೊನ್ನೆ ನೋಡಿ ಹೋದ ಮಾಯಾಗ ಈ ಮನಿ ಭಾಳ ಹಿಡಿಸ್ಯಾದ."

ಉಜ್ವಲಾಳಿಗೆ ಮುಜುಗರವಾಯಿತು. "ಅಕ್ಕಾ, ಇದು ನನ್ನ ಮುಂದ ಹೇಳಬಾರದಿತ್ರಿ. ನಾ ಮಾಲಕರ ಕಡಿಯಾಕಿ. ಅವರಿಗಿ ಹೆಚ್ಚಿನ ರೇಟ್ ತಂದುಕೊಡೋದೇ ನನ್ನ ಕೆಲಸ."

"ಮನಿ ತೋರ್ಸಿದಾಕಿ ನೀನು. ನಮ್ಮಾಕಿ ಅಂತ ತಿಳಕೊಂಡಿದ್ದೆ," ಎಂದು ಗಂಗುಬಾಯಿ ಕೈ ಬಿಟ್ಟಳು.

ಮೊದಲೇ ತಿಳಿಸಿ ಹೇಳಬೇಕಿತ್ತು ಅನಿಸಿತು ಉಜ್ವಲಾಳಿಗೆ. ಇದು ಮನ್ಮಥಪ್ಪನವರಿಗೆ ಫೋನಿನಲ್ಲಿ ಹೇಳುವ ಮಾತಲ್ಲವೆಂದು ಮರುದಿನ ಭಾಲ್ಕಿಯ ಬಸ್ಸು ಹತ್ತಿದಳು.

ಮನ್ಮಥಪ್ಪ ಅಂಗಡಿಯಲ್ಲಿ ತೊಗರಿ ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಗಂಗುಬಾಯಿ ತನ್ನನ್ನು ನಂಬಿ ರೇಟಿನ ಮಾತಾಡಿದ್ದನ್ನು ಉಜ್ವಲಾ ಹೇಳಿದಾಗ, "ಅವರ ಕೈಯಾಗ ಎಷ್ಟು ಅದ?" ಎಂದು ಕೇಳಿದರು.

"ಗೊತ್ತದರಿ. ಆದ್ರ ಹೇಳಂಗಿಲ್ಲ. ತಮ್ಮಾಕಿ ಅಂತ ನಂಬಿ ಅಂದಾರ."

"ನೀ ಯಾರ ಕಡಿ?"

"ನಿಮ್ಮ ಕಡೀನೇರಿ. ಅದಕ್ಕೇ ಮುಚ್ಚಿಡದ ಬಂದು ಹೇಳ್ಲತ್ತೀನಿ. ರೇಟಿನ ಮಾತು ನೀವೇ ಆಡ್ರಿ. ಅವರ ಪರವಾಗಿ ಏಜೆಂಟ್ ಅಬ್ದುಲ ಗಫೂರ ಕೂಡ್ತಾರ. ನನ್ನ ಕಮಿಷನ್‌ದಾಗ ಅರ್ಧ ಅವರಿಗಿ ಕೊಡ್ತೇನಿ. ನಿಮಗ ಪೈಸಾ ಹೆಚ್ಚು ಬೀಳಂಗಿಲ್ಲ. ಇದು ಬ್ಯಾಡಂದ್ರ ಬ್ಯಾರೆಯವರಿಗಿ ಕೆಲಸ ಕೊಡ್ರಿ."

ಮನ್ಮಥಪ್ಪ ಕಾಳನ್ನು ಚೀಲಕ್ಕೆ ಸುರಿದು ಕೈ ಒರೆಸಿಕೊಂಡರು. "ಹಿಂಗ ಮಾಡಿದ್ರ ಈ ಧಂದೆದಾಗ ನಿನ್ನ ಹೊಟ್ಟಿ ತುಂಬಂಗಿಲ್ಲ, ತಂಗಿ," ಎಂದು ಗೊಣಗಿದರು. ಆದರೂ ಭಾನುವಾರ ಬೀದರಿಗೆ ಬಂದರು.

ಗಫೂರ ಆ ಓಣಿಯಲ್ಲಿ ಈಚೆಗೆ ಮಾರಾಟವಾದ ಮನೆಗಳ ಬೆಲೆ ವಿಚಾರಿಸಿಕೊಂಡೇ ಬಂದಿದ್ದರು. ಅವರ ಮತ್ತು ಮನ್ಮಥಪ್ಪನವರ ಮಾತು ಮುಗಿಯುವ ತನಕ ಉಜ್ವಲಾ ಹೊರಗೆ ಕಟ್ಟೆಯ ಮೇಲೆ ಕುಳಿತಳು. ಮೂವತ್ತೊಂದಕ್ಕೆ ವ್ಯವಹಾರ ಕುದುರಿತು. ನೋಂದಣಿಯಾದ ದಿನ ಉಜ್ವಲಾ ತನ್ನ ಕಮಿಷನ್ನಿನ ಅರ್ಧವನ್ನು ಗಫೂರರ ಕೈಗಿಟ್ಟಳು. ಮನೆಗೆ ಹೋಗುವಾಗ, ಕೈಬಿಟ್ಟುಹೋದ ಆ ಹಣಕ್ಕಾಗಿ ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು.

ಮನೆ ಹೊಕ್ಕ ದಿನ ಗಂಗುಬಾಯಿ ಊಟಕ್ಕೆ ಎಲ್ಲರನ್ನೂ ಕರೆದಳು. ಗಫೂರರ ಜೊತೆ ನಗುನಗುತ್ತ ಮಾತಾಡಿದವಳು ಉಜ್ವಲಾಳ ಮುಂದೆ ಸುಮ್ಮನೆ ತಟ್ಟೆ ಇಟ್ಟು ಹೋದಳು. ಸ್ವಲ್ಪ ಹೊತ್ತಿಗೆ ಹೋಳಿಗೆಯ ಬುಟ್ಟಿ ಹಿಡಿದು ತಾನೇ ಬಂದು ನಿಂತಳು.

"ಇನ್ನೊಂದು ಹಾಕ್ಲೇನು?"

ಉಜ್ವಲಾಳ ಹೊಟ್ಟೆ ತುಂಬಿತ್ತು. "ಹಾಕ್ರಿ ಅಕ್ಕಾ," ಎಂದಳು.